ಮಾವ ‘ವದ್ದು’ ಅಂದ ಕಾರುಗಳು

ನಮ್ಮನೇಗೆ ಒಂದು ಕುಕ್ಕರ್ ತಂದರೂ ಅದರ ಜೊತೆ ಒಂದು ಕಥೆ ಬಂದೇ ಬರುತ್ತೆ. ಫ್ರಿಜ್ ತಂದಾಗ ಅದರ ಬಾಗಿಲು ಯಾವ ಕಡೆಗೆ ತೆರೆಯಬೇಕು ಅಂತ ಮೂರು ದಿನ ಪಂಚಾಯ್ತಿ ನಡೆದಿತ್ತು. ಇನ್ನು ಕಾರು ಅಂದಮೇಲೆ ಕೇಳಬೇಕೆ? ಆ ಬೇಸಿಗೆ ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗ್ತೀನಿ, ಆಮೇಲೆ ಸೆರಗಲ್ಲಿ ಕಣ್ಣು ಒರೆಸ್ಕೋತೀನಿ.

ಎರಡು ಬಸ್ಸಿನ ಕಷ್ಟ

ನಾನು ಕೆಮಿಸ್ಟ್ರಿ ಪಾಠ ಮಾಡೋಳು. ಮನೆ ಶಿಡ್ಲಘಟ್ಟ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಹಾಯಾಗಿದ್ದ ನನ್ನನ್ನು ನಮ್ಮ ಆಡಳಿತ ಮಂಡಳಿಯವರು ಬಾಗೇಪಲ್ಲಿ ಹತ್ತಿರ, ಹೈವೇ ಪಕ್ಕದಲ್ಲಿದ್ದ ತಮ್ಮ ಇನ್ನೊಂದು ಕಾಲೇಜಿಗೆ ಹಾಕಿಬಿಟ್ಟರು. ಚಿಕ್ಕಬಳ್ಳಾಪುರದವರೆಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಮೊದಲನೇದು ಐದು ನಿಮಿಷ ತಡ ಮಾಡಿದರೆ ಎರಡನೇದರ ಬೆನ್ನು ನೋಡಿಕೊಂಡು ನಿಂತಿರಬೇಕು. ತಡವಾಗಿ ಹೋದ ದಿನ ಅರ್ಧ ರಜೆ. ಹೀಗೆ ಅರ್ಧರ್ಧವೇ ಕಡಿದು ಮಾರ್ಚ್ ಹೊತ್ತಿಗೆ ನನ್ನ ರಜೆಯೆಲ್ಲ ಖಾಲಿಯಾಯಿತು.

ಪ್ರಿನ್ಸಿಪಾಲರು ಕರೆದು, ಜೂನ್‌ನಿಂದ ಮೊದಲನೇ ಪೀರಿಯಡ್ ನಿಮ್ಮದೇ, ಬರೋಕಾಗಲ್ಲ ಅಂದರೆ ಈಗಲೇ ಹೇಳಿಬಿಡಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು. ಜೂನ್ ಒಳಗೆ ಕಾರು ಬರಬೇಕು, ಇಲ್ಲ ಹದಿನಾಲ್ಕು ವರ್ಷದ ಕೆಲಸ ಬಿಡಬೇಕು. ಎದುರುಮನೆ ಅಜ್ಜಿಗೆ ಇದನ್ನ ಹೇಳಿದರೆ, ಹೆಂಗಸರಿಗೆ ಬಸ್ಸು ಫ್ರೀ ಮಾಡಿರುವಾಗ ದುಡ್ಡು ಕೊಟ್ಟು ಹೋಗ್ತೀನಿ ಅಂತೀಯಲ್ಲೇ, ನಿಂಗೇನು ತಲೆ ನೆಟ್ಟಗಿದೆಯಾ ಅಂತ ಬೈದರು.

ನಮ್ಮನೆಯವರದು ಮೆಡಿಕಲ್ ಸ್ಟೋರು. ಅವರಿಗೆ ಗಾಡಿ ಓಡಿಸೋಕೆ ಬರಲ್ಲ, ಕಲಿಯೋ ಆಸೆಯೂ ಇಲ್ಲ. ನಾನು ಮಾತ್ರ ಡ್ರೈವಿಂಗ್ ಶಾಲೆಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಹೊಸ ಕಾರಿಗೆ ಶಕ್ತಿಯಿಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳೋಣ, ಮೈಲೇಜ್ ಚೆನ್ನಾಗಿರಬೇಕು ಅಂತ ತೀರ್ಮಾನವಾಯಿತು. ಗಾಡಿ ಪರೀಕ್ಷೆ ಮಾಡೋರು ಯಾರು ಅಂದಿದ್ದಕ್ಕೆ ಇವರು ಹೆಮ್ಮೆಯಿಂದ, “ನಮ್ಮಪ್ಪ ಇಲ್ವಾ?” ಅಂದರು.

ಇವರಪ್ಪ, ಅಂದರೆ ನಮ್ಮ ಮಾವ, ನಲವತ್ತು ವರ್ಷ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಕೊಂಡವರು. ಕಾರಿನೊಳಗೆ ಅವರು ಕೂತಿದ್ದೇ ಎಣಿಸಿ ನಾಲ್ಕು ಸಲ, ಅದೂ ಮದುವೆ ದಿಬ್ಬಣದಲ್ಲಿ.

ಸದ್ದಿಲ್ಲದ ಗಾಡಿ

ಮೊದಲು ಹೋಗಿದ್ದು ಚಿಕ್ಕಬಳ್ಳಾಪುರದಲ್ಲಿ ಹಳೇ ಕಾರು ಮಾರುವ ಒಂದು ಅಂಗಳಕ್ಕೆ. ಅಲ್ಲಿನ ಯುವಕ ಸೀದಾ ಇವರ ಕೈಗೆ ಕೀ ಕೊಟ್ಟು, ಓಡಿಸಿ ನೋಡಿ ಸಾರ್ ಅಂದ. ಇವರು ನನ್ನ ಕಡೆ ದಾಟಿಸಿದರು. ಅವನು ನನ್ನ ಕೈಯಿಂದ ಕೀ ತಗೊಂಡು ಮಾವನಿಗೆ ಕೊಟ್ಟ. ಮಾವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ ಅವನಿಗೇ ಕೊಟ್ಟರು. ಕೊನೆಗೆ ಅವನೇ ಒಳಗೆ ಕೂತು ಕೀ ತಿರುಗಿಸಿದ.

ರೇಷ್ಮೆಗೂಡನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತಾರೆ. ಒಳಗಿನ ಹುಳ ಗಟ್ಟಿಯಿದ್ದರೆ ಗಲಗಲ ಅನ್ನುತ್ತೆ, ಸತ್ತು ಕರಗಿದ್ದರೆ ಸದ್ದೇ ಬರಲ್ಲ. ಮಾವನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಟವೆಲ್ ಹೆಗಲಿಗೆ ಹಾಕಿಕೊಂಡು ಬಾನೆಟ್ಟಿಗೆ ಕಿವಿಯಿಟ್ಟರು. ಆಮೇಲೆ ಇವರನ್ನು ಕರೆದು ಒಂದು ಕಡೆ ನಿಲ್ಲಿಸಿ, ಇನ್ನೊಂದು ಕಡೆ ತಾವು ಹಿಡಿದು ಕಾರನ್ನ ಅಲ್ಲಾಡಿಸಿದರು. ನನಗೆ ನಾಚಿಕೆಯಾಗಿ ಪಕ್ಕದ ಟಯರ್ ಅಂಗಡಿ ಬೋರ್ಡನ್ನ ಓದುತ್ತಾ ನಿಂತೆ.

ಆ ಯುವಕ, ನೋಡಿ ಯಜಮಾನ್ರೇ, ಇಂಜಿನ್ ಆನ್ ಆಗಿದೆ, ಆದರೂ ಒಂಚೂರು ಸೌಂಡ್ ಇಲ್ಲ, ಅಷ್ಟು ಸ್ಮೂತ್ ಗಾಡಿ ಅಂತ ಕೊಚ್ಚಿಕೊಂಡ. ವ್ಯಾಪಾರಕ್ಕೆ ಇಳಿದರೆ ಮಾವನ ಬಾಯಿಗೆ ತೆಲುಗು ಬರುತ್ತೆ. “ವದ್ದು,” ಅಂದರು. ಬೇಡ ಅಂತ. “ಸದ್ದಿಲ್ಲ ಕಣಪ್ಪ, ಒಳಗೆ ಸತ್ತಿದೆ.”

ಇವರಿಗೂ ನನಗೂ ತಲೆ ಎತ್ತೋಕಾಗಲಿಲ್ಲ. ಇರಲಿ, ಒಂದು ರೌಂಡ್ ಹೋಗಿ ಬರೋಣ ಅಂತ ನಾನು ಸೀಟಲ್ಲಿ ಕೂತು ಗೇರ್ ಹಾಕಿದರೆ ಗಾಡಿ ಮಿಸುಕಲಿಲ್ಲ. ಅವನು ಓಡಿಬಂದು ಬಾನೆಟ್ ಎತ್ತಿದ. ಬ್ಯಾಟರಿ ಹೋಗಿ ಎಷ್ಟು ದಿನವಾಗಿತ್ತೋ ಏನೋ, ಇಂಜಿನ್ ಶುರುವೇ ಆಗಿರಲಿಲ್ಲ.

ಮ್ಯಾಟಿನ ಕೆಳಗೆ

ಆವತ್ತಿನಿಂದ ಇವರಿಗೆ ಅಪ್ಪನ ಮೇಲೆ ಭಕ್ತಿ ಜಾಸ್ತಿಯಾಯಿತು, ನನಗೆ ಭಯ. ಎರಡನೇ ಕಾರು ಚಿಂತಾಮಣಿಯಲ್ಲಿ, ಒಬ್ಬ ರಾಗಿ ವ್ಯಾಪಾರಿಯದು. ಕೆಂಪು ಬಣ್ಣ, ತೊಳೆದು ಮಿರಮಿರ ಮಿಂಚಿಸಿ ಮನೆ ಮುಂದೆ ನಿಲ್ಲಿಸಿದ್ದರು. ಮೈಲೇಜ್ ಎಷ್ಟು ಕೊಡುತ್ತೆ ಅಂತ ಕೇಳಿದೆ. ಹೈವೇ ಮೇಲೆ ದಿನಾ ಹೋಗಿ ಬರೋಳಿಗೆ ಅದೇ ಮುಖ್ಯ ತಾನೇ? ಆಯಪ್ಪ ಒಂದು ನಿಮಿಷ ಯೋಚನೆ ಮಾಡಿ, ಖಂಡಿತ ಹೇಳೋಕಾಗಲ್ಲ ಮೇಡಂ, ಪೆಟ್ರೋಲ್ ಯಾವಾಗಲೂ ನಮ್ಮ ಭಾವಮೈದ ಹಾಕಿಸ್ತಾನೆ ಅಂದರು.

ಮಾವ ಅಷ್ಟರಲ್ಲಿ ಹಿಂದಿನ ಬಾಗಿಲು ತೆಗೆದು ಮಂಡಿಯೂರಿದ್ದರು. ಗೂಡಿನ ಟ್ರೇಯಲ್ಲಿ ಒಳ್ಳೇದನ್ನ ಮೇಲೆ ಹಾಕಿ ಕೆಟ್ಟದ್ದನ್ನ ಅಡಿಗೆ ತುಂಬೋರು ಇರ್ತಾರಂತೆ. ಅದಕ್ಕೆ ಕೈಯನ್ನ ಮೊದಲು ಅಡಿಗೇ ಹಾಕಬೇಕಂತೆ. ಅದೇ ಲೆಕ್ಕದಲ್ಲಿ ಮ್ಯಾಟ್ ಎತ್ತಿದರು, ಎತ್ತಿದವರು ಹಾಗೇ ಹಿಡಿದುಕೊಂಡು ನನ್ನನ್ನು ಕರೆದರು. ಮಳೆ ನೀರು ಒಳಗೆ ಸೋರಿ, ಸಾಗಿಸುವಾಗ ಚೆಲ್ಲಿದ್ದ ರಾಗಿಯೆಲ್ಲ ನೆನೆದು, ಗೇಣುದ್ದ ಪೈರು ಬಂದುಬಿಟ್ಟಿತ್ತು.

ವ್ಯಾಪಾರಿ ನಾಚಿಕೊಂಡು, ಇನ್ನೂ ಐದು ಸಾವಿರ ಕಡಿಮೆ ಮಾಡ್ತೀನಿ ಅಂದರು. ಮಾವ ಮಾತ್ರ ನಗಲಿಲ್ಲ. “ಗಾಡಿ ವದ್ದು. ಪೈರು ಚೆನ್ನಾಗಿದೆ, ನಾಟಿ ಮಾಡ್ಕೋ,” ಅಂತ ಹೇಳಿ ಮ್ಯಾಟನ್ನ ಜೋಪಾನವಾಗಿ ಪಕ್ಕಕ್ಕಿಟ್ಟು ಎದ್ದರು.

ದನದ ಡಾಕ್ಟರ ಕಾರು

ಏಪ್ರಿಲ್ ಹೋಯಿತು, ಮೇ ಅರ್ಧ ಹೋಯಿತು. ಮಾವ ಇನ್ನೂ ಮೂರು ಗಾಡಿಗೆ ವದ್ದು ಅಂದರು. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆಗ ನನ್ನ ಜೊತೆ ಪಾಠ ಮಾಡುವ ಇಂಗ್ಲಿಷ್ ಮೇಡಂ, ತಮ್ಮೂರು ಗೌರಿಬಿದನೂರಿನಲ್ಲಿ ರಿಟೈರಾದ ದನದ ಡಾಕ್ಟರೊಬ್ಬರು ಕಾರು ಮಾರ್ತಿದ್ದಾರೆ ಅಂತ ಸುದ್ದಿ ಕೊಟ್ಟರು. ಮಾವನೂ ನಾನೂ ಹೋದೆವು.

ಬಿಳಿ ಬಣ್ಣದ ಪುಟ್ಟ ಪೆಟ್ರೋಲ್ ಕಾರು. ಒಂದೇ ಕೈಯಲ್ಲಿ ಓಡಿದ್ದು. ಡಾಕ್ಟರು ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದು, ಎಷ್ಟು ಕಿಲೋಮೀಟರ್ ಬಂತು ಅನ್ನೋದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾನು ಊರಾಚೆವರೆಗೂ ಓಡಿಸಿ ಬಂದೆ. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಬೆಲೆ ಎರಡು ಲಕ್ಷ. ಇದು ನನ್ನದೇ ಕಾರು ಅಂತ ಆಗಲೇ ಮನಸ್ಸಿಗೆ ಬಂದುಬಿಟ್ಟಿತ್ತು.

ಮಾವ ಸುತ್ತ ಎರಡು ಸಲ ಓಡಾಡಿದರು. ಬಿಳಿ ಬಣ್ಣ, ಧೂಳು ಕಾಣುತ್ತೆ ಅಂದರು. ಹಾರನ್ ಹೆಂಗಸರ ದನಿ ಇದ್ದಂಗಿದೆ ಅಂದರು. ಸೀಟು ತಗ್ಗು ಅಂದರು. ಕೊನೆಗೆ “ವದ್ದು” ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮನೆಗೆ ಬಂದು ಮುದ್ದೆ ಬಡಿಸುವಾಗ ತಡೆಯೋಕಾಗಲಿಲ್ಲ. “ನಾನು ಕೆಲಸ ಬಿಟ್ಟು ಮನೇಲಿ ಕೂರಬೇಕು ಅಂತಿದ್ರೆ ನೇರವಾಗಿ ಹೇಳಿಬಿಡಿ ಮಾವ. ಕಾರುಗಳನ್ನ ಯಾಕೆ ಬೈತೀರಾ?” ಅಂದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮಾವ ತಲೆ ಎತ್ತದೆ, ಸಾರು ಇನ್ನೊಂದು ಸೌಟು ಹಾಕಮ್ಮ ಅಂದರು. ನನಗೆ ಎಷ್ಟು ನೋವಾಯಿತು ಅಂದರೆ ಆವತ್ತು ನಾನು ಊಟ ಮಾಡಲಿಲ್ಲ.

ಕೂಗು

ಮಾರನೇ ದಿನವೇ ಇಂಗ್ಲಿಷ್ ಮೇಡಂಗೆ ಫೋನ್ ಮಾಡಿ, ನನ್ನ ಹೆಸರು ಹೇಳಬೇಡಿ, ಬೇಡ ಅಂದು ಹೋದವರೇ ವಾಪಸ್ ಬಂದರೆ ಡಾಕ್ಟರು ಬೆಲೆ ಏರಿಸ್ತಾರೆ, ನಿಮಗೇ ಬೇಕು ಅಂತ ಕೇಳಿ ಅಂದೆ. ಮನೇಲಿ ಇವರಿಗೂ ತಿಳಿಸಲಿಲ್ಲ. ನನ್ನ ಉಳಿತಾಯದ ದುಡ್ಡು, ನನ್ನ ಕೆಲಸ, ನನ್ನ ಹಟ.

ಮೇಡಂ ಹೋಗಿ ಬಂದು ಫೋನ್ ಮಾಡಿದರು. ಆಗಲೇ ಇನ್ನೊಂದು ಪಾರ್ಟಿ ಬಂದಿದೆಯಂತೆ, ಯಾರೋ ರೇಷ್ಮೆ ನೂಲು ತೆಗೆಸೋ ಭಾಯ್, ಎರಡು ಲಕ್ಷಕ್ಕೆ ಒಪ್ಪಿದ್ದಾರಂತೆ. ಎರಡು ಸಾವಿರ ಜಾಸ್ತಿ ಹೇಳಿ ಅಂದೆ. ಸಾಯಂಕಾಲ ಆ ಪಾರ್ಟಿ ನಾಲ್ಕು ಅಂದಿತು. ನಾನು ಆರು ಅಂದೆ. ಆ ಕಡೆಯಿಂದ ಎಂಟು. ನಾನು ಹಿತ್ತಲಿನಲ್ಲಿ ಬಟ್ಟೆ ಒಣಗಿಸೋ ನೆಪದಲ್ಲಿ ನಿಂತು ಪಿಸುಪಿಸು ಮಾತಾಡಿ ಹತ್ತು ಅಂದರೆ, ಅರ್ಧ ಗಂಟೆಗೆ ಅಲ್ಲಿಂದ ಹನ್ನೆರಡು ಬರೋದು. ಆ ಭಾಯ್‌ಗೆ ಬೇರೆ ಕೆಲಸವೇ ಇಲ್ಲವಾ ಅಂತ ಮನಸ್ಸಿನಲ್ಲೇ ಶಾಪ ಹಾಕಿದೆ. ಅದೇ ದಿನಗಳಲ್ಲಿ ಮಾವನೂ ಫೋನ್ ಹಿಡಿದು ಪದೇ ಪದೇ ಮಹಡಿ ಮೇಲೆ ಹೋಗ್ತಿದ್ದರು. ಅವರಿಗೇನಪ್ಪ ಚಿಂತೆ, ಹಳೇ ಸ್ನೇಹಿತರ ಜೊತೆ ಹರಟೆ ಅಂದುಕೊಂಡೆ.

ನಾನು ಹದಿನೆಂಟಕ್ಕೆ ಬಂದೆ. ಅಲ್ಲಿಂದ ಇಪ್ಪತ್ತು ಬಂತು. ಡಾಕ್ಟರಿಗೇ ಸಂಕೋಚವಾಗಿ, ನಾನು ಕೇಳಿದ್ದು ಎರಡು ಲಕ್ಷ, ಇದೆಲ್ಲ ನನಗೆ ಸರಿ ಕಾಣಲ್ಲ, ನಿಜವಾಗಿ ಕಾರು ಬೇಕಾದವರು ಇಬ್ಬರೂ ಭಾನುವಾರ ಎದುರಿಗೆ ಬಂದು ತೀರ್ಮಾನ ಮಾಡಿಕೊಳ್ಳಲಿ ಅಂದುಬಿಟ್ಟರು.

ಭಾನುವಾರ ಬೆಳಿಗ್ಗೆ ನಾನು ಚಿಕ್ಕಬಳ್ಳಾಪುರದಲ್ಲಿ ಉತ್ತರಪತ್ರಿಕೆ ವ್ಯಾಲ್ಯುಯೇಷನ್ ಇದೆ ಅಂತ ಹೇಳಿ ಹೊರಟೆ. ಮಾವ ನನಗಿಂತ ಮುಂಚೆಯೇ ಕೈವಾರಕ್ಕೆ ಭಜನೆಗೆ ಅಂತ ಹೋಗಿದ್ದರು. ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಪ್ರೈವೇಟ್ ಬಸ್ ಹತ್ತಿ ನೋಡ್ತೀನಿ, ಮೂರನೇ ಸೀಟಿನಲ್ಲಿ ಮಾವ. ಕೈವಾರ ಇರೋದು ಚಿಂತಾಮಣಿ ಕಡೆ, ಈ ಬಸ್ಸಿಗೆ ತದ್ವಿರುದ್ಧ ದಿಕ್ಕು.

“ಈ ಬಸ್ ಕೈವಾರಕ್ಕೆ ಹೋಗುತ್ತಾ ಮಾವ?” ಅಂದೆ.

ಅವರು ಟವೆಲ್ ಸರಿಮಾಡಿಕೊಂಡು, “ನಿನ್ನ ವ್ಯಾಲ್ಯುಯೇಷನ್ನು ಬಸ್ಸಲ್ಲೇ ಮಾಡ್ತಾರೇನಮ್ಮ?” ಅಂದರು.

ಕಂಡಕ್ಟರ್ ಬಂದಾಗ ಮಾವ ಗೌರಿಬಿದನೂರಿಗೆ ಎರಡು ಟಿಕೆಟ್ ತಗೊಂಡರು. ನನ್ನ ಗುಟ್ಟು ಗೊತ್ತಾಗಿ ತಡೆಯೋಕೆ ಬರ್ತಿದ್ದಾರೆ ಅಂತ ನನ್ನ ಲೆಕ್ಕ. ಇಳಿದು ನಾನು ಬೇಕಂತಲೇ ನಿಧಾನವಾಗಿ ನಡೆದೆ. ಅವರೂ ನಿಧಾನ ಮಾಡಿದರು. ಹೀಗೆ ಒಬ್ಬರನ್ನೊಬ್ಬರು ಮುಂದೆ ಬಿಡುತ್ತಾ ಡಾಕ್ಟರ ಗೇಟಿಗೆ ಇಬ್ಬರೂ ಒಟ್ಟಿಗೇ ಮುಟ್ಟಿದೆವು.

ಗೇಟಿನ ಈ ಕಡೆ ಇಂಗ್ಲಿಷ್ ಮೇಡಂ ನಿಂತಿದ್ದರು. ಆ ಕಡೆ ಮಾವನ ಮಾರ್ಕೆಟ್ ಸ್ನೇಹಿತ, ನಮ್ಮ ಮನೇಲಿ ನೂರು ಸಲ ಕಾಫಿ ಕುಡಿದಿರುವ ಭಾಯ್. ಮೇಡಂ ನನ್ನನ್ನು ತೋರಿಸಿ, ನಮ್ಮ ಪಾರ್ಟಿ ಇವರೇ ಅಂದರು. ಭಾಯ್ ಮಾವನನ್ನು ತೋರಿಸಿ, ನಮ್ಮ ಪಾರ್ಟಿ ಇವರು ಅಂದವರೇ, ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೀವಿಬ್ಬರೂ ಆವತ್ತು ಒಟ್ಟಿಗೇ ಬಂದೋರಲ್ವಾ?”

ನನಗೆ ನಗು ಬಂತು, ಹಿಂದೆಯೇ ಅಳು ಬಂತು. “ಆವತ್ತೇ ಒಂದು ಮಾತು ಹೇಳಬಾರದಿತ್ತಾ ಮಾವ?” ಅಂದೆ.

“ಬೇಕಾದ ಮಾಲನ್ನ ಎದುರಿಗೇ ಚೆನ್ನಾಗಿದೆ ಅಂತ ಯಾರಾದ್ರೂ ಅಂತಾರೇನಮ್ಮ? ಬೈದು ಬಂದು, ಆಮೇಲೆ ಬೇರೆಯವರನ್ನ ಕಳಿಸಿ ಹಿಡೀಬೇಕು. ನಿನಗೆ ಹೇಳಿದ್ರೆ ನಿನ್ನ ಮುಖ ನೋಡೇ ಊರಿಗೆಲ್ಲ ಗೊತ್ತಾಗ್ತಿತ್ತು.” ಆಮೇಲೆ ದನಿ ತಗ್ಗಿಸಿ, “ನೀನು ಕೆಲಸ ಬಿಡಬಾರದು ಕಣಮ್ಮ. ಅದಕ್ಕೇ ನಾನೇ ಕೊಡಿಸಣ ಅಂತಿದ್ದೆ,” ಅಂದರು.

ಡಾಕ್ಟರು ಪಾಪ, ಒಂದೇ ಮನೆಯವರು ಕಿತ್ತಾಡಿ ಏರಿಸಿದ ದುಡ್ಡು ನನಗೆ ಬೇಡ, ಎರಡೇ ಲಕ್ಷ ಕೊಡಿ ಸಾಕು ಅಂದರು. ನಾನು ಸಂತೋಷದಿಂದ ಬ್ಯಾಗ್ ತೆಗೆದೆ. ಮಾವ ಕೈ ಅಡ್ಡ ಹಿಡಿದರು. ಹರಾಜಿನಲ್ಲಿ ಒಂದು ಬೆಲೆ ಕೂಗಿದ ಮೇಲೆ ಹಿಂದಕ್ಕೆ ಹೋಗೋದು ಮಾರ್ಕೆಟ್ಟಿನಲ್ಲಿ ಇಲ್ಲವೇ ಇಲ್ಲವಂತೆ, ನಲವತ್ತು ವರ್ಷದಲ್ಲಿ ಒಂದು ಸಲವೂ ಹೋದವರಲ್ಲವಂತೆ. “ಕೊನೇ ಕೂಗು ನಂದು, ಎರಡು ಲಕ್ಷ ಇಪ್ಪತ್ತು ಸಾವಿರ. ನಿಂದು ಹದಿನೆಂಟಕ್ಕೆ ನಿಂತಿದೆ. ನೀನು ಸೋತೆ ಕಣಮ್ಮ,” ಅಂತ ಪೂರ್ತಿ ದುಡ್ಡು ಎಣಿಸಿ ಡಾಕ್ಟರ ಮುಂದಿಟ್ಟರು. ಕಾಗದಪತ್ರವೆಲ್ಲ ಮಾವನ ಹೆಸರಿಗೇ ಆಯಿತು.

ಜೂನ್ ಮೊದಲ ದಿನ ಬೆಲ್ ಹೊಡೆಯೋಕೆ ಹತ್ತು ನಿಮಿಷ ಮುಂಚೆಯೇ ನಾನು ಕಾಲೇಜಿನಲ್ಲಿದ್ದೆ. ಆಮೇಲೆ ಒಂದು ದಿನವೂ ತಡವಾಗಲಿಲ್ಲ. ಪ್ರತಿದಿನ ಬೆಳಿಗ್ಗೆ ಮಾವ ಗಾಜು ಒರೆಸಿ, ತಮ್ಮ ಕಾರನ್ನ ಹುಷಾರಾಗಿ ಓಡಿಸು ಅಂತ ಹೇಳಿ ಕೀ ಕೊಡೋರು. ಸಾಯಂಕಾಲ ಬಂದ ತಕ್ಷಣ ಕೀ ವಾಪಸ್ ಇಸ್ಕೊಳ್ಳೋರು.

ಮಾವ ಹೋದ ವರ್ಷ ತೀರಿಕೊಂಡರು. ಬೆಳಿಗ್ಗೆ ಕೀ ನಾನೇ ತಗೋಬೇಕು, ಅದೇ ಕಷ್ಟ. ಆರ್‌ಸಿ ನಿನ್ನ ಹೆಸರಿಗೆ ಮಾಡಿಸ್ಕೋ ಅಂತ ಇವರು ತಿಂಗಳಿಗೊಮ್ಮೆ ಗೊಣಗ್ತಾರೆ. ಆರ್‌ಟಿಓ ಆಫೀಸಿಗೆ ಹೋಗಿ ಏನಂತ ಹೇಳಲಿ ರೀ, ಕೂಗಿನಲ್ಲಿ ಎರಡು ಸಾವಿರಕ್ಕೆ ಸೋತವಳು ನಾನು ಅಂತೀನಿ.