ನೇರ ಭಾರ, ಅಡ್ಡ ಭಾರ

ನಾನು ಹೇಳುವುದು ಎರಡೇ ಮಾತು. ನಾನು ಬರುವವರೆಗೆ ಮುಟ್ಟಬೇಡಿ. ಭಾರ ನೇರಕ್ಕೆ ಬೀಳಲಿ. ಎರಡನ್ನೂ ಯಾರೂ ಕೇಳುವುದಿಲ್ಲ. ಅದಕ್ಕೇ ಇಂಥವು ಆಗುತ್ತಲೇ ಇರುತ್ತವೆ.

ಶಿಕಾರಿಪುರದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಉಳವಿ ಹತ್ತಿರದ ಯಜಮಾನರೊಬ್ಬರು ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಮೆಷಿನ್ ತರಿಸಿದರು. ಅದರ ಜೀವ ಒಂದು ಬಾಲ್ ಸ್ಕ್ರೂ. ನೆಟ್ಟಗೆ ನಿಂತ ದಪ್ಪ ಸ್ಕ್ರೂ, ಅದಕ್ಕೊಂದು ನಟ್, ನಟ್ಟಿನೊಳಗೆ ಉಕ್ಕಿನ ಗುಂಡುಗಳ ಸಾಲು. ಸ್ಕ್ರೂ ತಿರುಗಿದರೆ ನಟ್ ಇಳಿಯುತ್ತದೆ. ಜೊತೆಗೆ ಕಬ್ಬಿಣದ ಹಲಗೆ ಇಳಿದು ಹಾಳೆಯನ್ನು ಕಾದ ಅಚ್ಚಿಗೆ ಒತ್ತುತ್ತದೆ. ಭಾರವೆಲ್ಲ ಆ ಗುಂಡುಗಳ ಮೇಲೆ. ಸಮನಾಗಿ ಹಂಚಿದರೆ ವರ್ಷಗಟ್ಟಲೆ ಹೊರುತ್ತವೆ. ಒಂದೇ ಬದಿಗೆ ಬಿದ್ದರೆ ಬೇಗ ಸಾಯುತ್ತವೆ.

ಮೆಷಿನ್ ಲಾರಿಯಿಂದ ಇಳಿಯುವ ಮೊದಲೇ ಯಜಮಾನರು ಸೊರಬದ ಒಂದು ಮದುವೆಗೆ ಊಟದ ತಟ್ಟೆ ಒಪ್ಪಿಕೊಂಡಿದ್ದರು. ಹೆಂಡತಿಯ ಕಡೆಯ ಮದುವೆ. ತಟ್ಟೆ ತಪ್ಪಿದರೆ ಅವರ ಮಾನ ಹೋಗುತ್ತದೆ. ಮೆಷಿನ್ ಕೂರಿಸಿದವನು ನಾನು. ನನ್ನದೂ ಹೋಗುತ್ತದೆ.

೧. ಗುಂಡು

ನಾನು ಹೋಗುವಷ್ಟರಲ್ಲಿ ಯಜಮಾನರು ನಟ್ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದರು. ನಟ್ ಸ್ಕ್ರೂ ಬಿಟ್ಟರೆ ಗುಂಡು ಉದುರುತ್ತದೆ. ಉದುರಿ ಅಂಗಳವೆಲ್ಲ ಹರಡಿತ್ತು.

"ಯಾರು ಬಿಚ್ಚೋಕೆ ಹೇಳಿದ್ದು?"

"ಧೂಳಿತ್ತು ಮೇಸ್ತ್ರಿಗಳೇ. ದೂರದಿಂದ ಬಂದ ಸಾಮಾನು, ತೊಳೀಬೇಕಲ್ಲ."

ಮಂಡಿಯೂರಿ ಹೆಕ್ಕಿದೆ. ಈ ವಯಸ್ಸಿನಲ್ಲಿ. ಎರಡು ಕಡಿಮೆ ಬಂತು. ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ ಅಂದೆ.

"ಎರಡು ಆಳು ಬರದಿದ್ರೆ ಉಳಿದೋರು ನಾಟಿ ಮುಗಿಸಲ್ವಾ ರೀ?"

ಹೊಸ ಗುಂಡು ತರಿಸಿಯೇ ಹಾಕುತ್ತೇನೆ ಅಂದೆ. ಅವರು ಬೇಲಿಯಾಚೆ ಕೈ ತೋರಿಸಿದರು. "ದಂಡ ಯಾಕೆ? ಪಕ್ಕದ ಮನೆ ಕೋಳಿ ನುಂಗಿದ್ದು ನಾನೇ ನೋಡಿದೀನಿ. ಭಾನುವಾರ ಅವರ ಸಾರಲ್ಲಿ ಸಿಗುತ್ತೆ, ತಡೀರಿ."

೨. ಬೋಲ್ಟು

ನೆಲದಲ್ಲಿ ನಾಲ್ಕು ಬೋಲ್ಟ್ ಹೂತು, ಮಟ್ಟ ನೋಡಿ, ಕಾಂಕ್ರೀಟ್ ಹಾಕಿ ಬಂದಿದ್ದೆ. ವಾರ ಬಿಟ್ಟು ಹೋದರೆ ಮೆಷಿನ್ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ವಾಸ್ತು ನೋಡುವವರು ತಿರುಗಿಸಿದ್ದರಂತೆ. ಎರಡು ಬೋಲ್ಟ್ ತೂತಿಗೆ ಸಿಕ್ಕಿದ್ದವು. ಇನ್ನೆರಡು ಹೊರಗೆ ನಿಂತು ನಮ್ಮನ್ನು ನೋಡುತ್ತಿದ್ದವು.

"ಮೆಷಿನ್ ಅಲುಗಿದರೆ ಸ್ಕ್ರೂ ಬಾಗುತ್ತದೆ. ನಾಲ್ಕೂ ಬೇಕು" ಅಂದೆ.

ಯಜಮಾನರಿಗೆ ಸಿಟ್ಟು ಬಂತು. "ಟ್ರ್ಯಾಕ್ಟರಿಗೆ ಟ್ರೈಲರ್ ಒಂದೇ ಪಿನ್ನಲ್ಲಿ ನಿಲ್ಲುತ್ತೆ. ನಾಲ್ಕು ಲೋಡ್ ಭತ್ತ ಹೊಡೆದೀನಿ. ಇದಕ್ಕೆ ಎರಡು ಕೊಟ್ಟಿದೀನಿ, ಸಾಲದಾ?"

ಬೇಕಾದಲ್ಲಿ ಕಾಂಕ್ರೀಟ್ ಒಡೆಸಿ, ಹೊಸದಾಗಿ ಎರಡು ಬೋಲ್ಟ್ ಹೂತು ಮತ್ತೆ ಹಾಕಿಸಿದೆ. ಪೂರ್ವಕ್ಕೇ. ಹೊರಗಿನ ಎರಡು ಬೋಲ್ಟನ್ನು ಕತ್ತರಿಸಲು ಹೋದರೆ ಯಜಮಾನರ ಹೆಂಡತಿ ಬಿಡಲಿಲ್ಲ. "ಇರಲಿ ಬಿಡ್ರಿ, ಎಮ್ಮೆಕರು ಕಟ್ಟೋಕೆ ಬರುತ್ತೆ."

೩. ಪಾರ್ಟು

ಮದುವೆಗೆ ಐದು ದಿನ ಇದೆ ಅನ್ನುವಾಗ ಫೋನ್ ಬಂತು.

"ಮೇಸ್ತ್ರಿಗಳೇ, ಮೆಷಿನ್ ನಿಂತಿದೆ."

"ಏನಾಯ್ತು?"

"ಪಾರ್ಟ್ ಇಲ್ಲ. ಸೊರಬಕ್ಕೆ ಹೋಗಿದೆ."

"ರಿಪೇರಿಗಾ?"

"ಅಲ್ಲ ರೀ. ಚಪ್ಪರ ಹಾಕಿಸೋಕೆ."

ಆ ಪಾರ್ಟು ಯಜಮಾನರ ಭಾವ.

೪. ತೂಕ

ಎರಡು ಬಸ್ಸು ಬದಲಿಸಿ ಯಜಮಾನರ ಮನೆಗೆ ಹೋದೆ. ಊಟದ ತಟ್ಟೆಯ ದೊಡ್ಡ ಅಚ್ಚನ್ನು ನಾನು ನಟ್ಟಿನ ನೇರ ಕೆಳಗೆ ಕೂರಿಸಿದ್ದೆ. ಅದನ್ನು ಬಾಗಿಲ ಕಡೆಯ ತುದಿಗೆ ಸರಿಸಿದ್ದರು. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಒತ್ತುವ ಭಾರ ತುದಿಗೆ ಬಿದ್ದು ಹಲಗೆ ವಾಲಿತ್ತು. ತಟ್ಟೆಯ ಒಂದು ಅಂಚು ಸುಟ್ಟು, ಇನ್ನೊಂದು ಅಂಚು ಏಳುತ್ತಲೇ ಇರಲಿಲ್ಲ. ಭಾವ ಸೊರಬಕ್ಕೆ ಹೋಗುವವರೆಗೆ ಅದಕ್ಕೆ ಇವರು ಕಂಡುಕೊಂಡಿದ್ದ ಉಪಾಯ: ಹಲಗೆಯ ಇನ್ನೊಂದು ತುದಿಗೆ ಗೋಣಿಚೀಲ ಹಾಸಿ ಭಾವನನ್ನು ಕೂರಿಸುವುದು. ಹಲಗೆ ಇಳಿದರೆ ಭಾವ ಇಳಿಯುತ್ತಾರೆ. ಏರಿದರೆ ಏರುತ್ತಾರೆ. ಬಾಯಲ್ಲಿ ಎಲೆ‌ಅಡಿಕೆ.

"ಕಾಲು ಸಿಕ್ಕಿಕೊಂಡಿದ್ರೆ?" ಎಂದು ಕೂಗಿದೆ. "ಟನ್‌ಗಟ್ಟಲೆ ಒತ್ತೋ ಮೆಷಿನ್ನಿಗೆ ಒಬ್ಬ ಮನುಷ್ಯ ಯಾವ ಲೆಕ್ಕ?"

"ಗದ್ದೆ ಮಟ್ಟ ಮಾಡೋವಾಗ ಹಲಗೆ ಮೇಲೆ ಆಳು ನಿಲ್ಲಲ್ವಾ ರೀ?" ಎಂದು ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ ಹಾಗೆ, ನಿಮ್ಮ ತೂಕ ಎಷ್ಟು?"

ಅಚ್ಚು ಬಿಚ್ಚಿ, ನಡುವಿಗೆ ತಂದು, ನಟ್ಟಿನ ನೇರಕ್ಕೆ ಬಿಗಿದೆ. ಬೆಳಕಿಗೆ ಒಂದು ಬಲ್ಬ್ ಕಟ್ಟಿಸಿದೆ. ಸಂಜೆಯೊಳಗೆ ಸುತ್ತಲೂ ಸಮ ಅಂಚಿನ ತಟ್ಟೆ ಬೀಳತೊಡಗಿದವು. ಮದುವೆಯ ಹಿಂದಿನ ದಿನವೇ ತಟ್ಟೆ ಸೊರಬ ಸೇರಿದವು.

ಮದುವೆ ಮುಗಿದ ಮೇಲೆ ಮತ್ತೆ ಫೋನ್.

"ತಟ್ಟೆ ಎಲ್ಲರೂ ಹೊಗಳಿದ್ರು ಮೇಸ್ತ್ರಿಗಳೇ. ಮಾನ ಉಳಿಸಿದ್ರಿ."

"ಸರಿ. ಇಡ್ತೀನಿ."

"ತಡೀರಿ. ಭಾವ ವಾಪಸ್ ಬಂದು ಅವರ ಜಾಗದಲ್ಲಿ ಕೂತಿದಾರೆ. ಬೇಡ ಅನ್ನೋಕಾಗುತ್ತಾ, ಹೆಂಡತಿಯ ಅಣ್ಣ. ಈಗ ಹಲಗೆ ಅವರ ಕಡೆ ವಾಲುತ್ತೆ ಅಂತ ನನಗೆ ಅನುಮಾನ. ಈ ಕಡೆ ಕೂರೋಕೆ ಅಷ್ಟೇ ತೂಕದವರು ನಿಮ್ಮ ಶಿಕಾರಿಪುರದಲ್ಲಿ ಯಾರಾದ್ರೂ ಇದಾರಾ ರೀ?"