ಓಡುವ ಸಾಲನ್ನು ನಿಲ್ಲಿಸಿದ್ದು

ನಮ್ಮಕ್ಕನ ಸೀಮಂತದ ದಿನ ಮನೆಯಲ್ಲಿ ತೊಟ್ಟು ನೀರಿಲ್ಲದಂತೆ ಮಾಡಿದವಳು ನಾನೇ ಎಂಬ ಕಥೆಯೊಂದು ಅರಸೀಕೆರೆಯ ನಮ್ಮ ಬಡಾವಣೆಯಲ್ಲಿ ಓಡಾಡುತ್ತಿದೆ. ಬೇಲೂರಿನ ಬೀಗರ ಮನೆ ತಲುಪುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿ, ನಾನು ಪೈಪನ್ನೇ ಒಡೆದೆ ಎಂದಾಗಿದೆಯಂತೆ. ಎರಡನ್ನೂ ಖಂಡಿಸುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸತತ ಮೂರು ವರ್ಷ ಬಹುಮಾನ ಗೆದ್ದವಳು ನಾನು. ಆರೋಪ ಮಾಡುವವರು ಆಧಾರ ಕೊಡಬೇಕು! ನಾನು ಪೈಪು ಮುಟ್ಟಿಲ್ಲ. ವಾಲ್ವು ಮುಟ್ಟಿಲ್ಲ. ಮುಟ್ಟಿದ್ದು ವೆಬ್‌ಸೈಟನ್ನು ಮಾತ್ರ.

ನಮ್ಮೂರಿನ ಹೊಸ ಬಡಾವಣೆಗಳಿಗೆ ನೀರು ಕೊಡುವುದು ಒಂದು ಸಣ್ಣ ಖಾಸಗಿ ಕಂಪನಿ. ಅದರ ಮ್ಯಾನೇಜರ್ ಶ್ರೀಕಂಠಯ್ಯನವರು ನಮ್ಮ ತಂದೆಯ ಸ್ನೇಹಿತರು. ವೆಬ್‌ಸೈಟ್ ಮಾಡುವುದು ಕಲಿತು ಮನೆಯಲ್ಲಿ ಕೂತಿದ್ದ ನನ್ನನ್ನು ಕರೆಸಿ, "ನಮ್ಮದನ್ನ ಸ್ವಲ್ಪ ನೀಟಾಗಿ ಮಾಡ್ಕೊಡಮ್ಮಾ" ಎಂದರು. ತೆರೆದು ನೋಡಿದೆ. ಹಳದಿ ಬಣ್ಣದ ಮೇಲೆ ಹಸಿರು ಅಕ್ಷರ. ಒಂದು ಮೂಲೆಯಲ್ಲಿ ಬೇಲೂರಿನ ಶಿಲಾಬಾಲಿಕೆ, ಇನ್ನೊಂದು ಮೂಲೆಯಲ್ಲಿ ಹಳೇಬೀಡಿನ ನಂದಿ.

"ಅಂಕಲ್, ನೀರಿನ ಕಂಪನಿಗೂ ಶಿಲಾಬಾಲಿಕೆಗೂ ಏನು ಸಂಬಂಧ?"

"ಸಂಬಂಧ ಏನಿಲ್ಲ. ನೋಡೋಕೆ ಚೆನ್ನಾಗವಳೆ."

ಇವೆಲ್ಲದರ ನೆತ್ತಿಯ ಮೇಲೆ ದಪ್ಪ ಕೆಂಪಕ್ಷರದ ಸಾಲೊಂದು ಬಲದಿಂದ ಎಡಕ್ಕೆ ಓಡುತ್ತಿತ್ತು: 'ಈ ದಿನ ಎರಡನೇ ಬಡಾವಣೆಗೆ ನೀರು.' ಕರೆಂಟು ಕೈಕೊಟ್ಟರೆ ಸರದಿ ಬದಲಾಗುತ್ತದೆ. ಹಾಗಾಗಿ ಶ್ರೀಕಂಠಯ್ಯನವರು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ ಸಾಲನ್ನು ತಾವೇ ಟೈಪು ಮಾಡುತ್ತಿದ್ದರು. ಓಡುವ ಸಾಲು! ಇಡೀ ಜಗತ್ತು ಎಂದೋ ಕೈಬಿಟ್ಟ ಪದ್ಧತಿ. ವೆಬ್‌ಸೈಟುಗಳಿಗೂ ನಿಯಮಗಳಿವೆ, ತಪ್ಪು ಹುಡುಕಿ ಅಂಕ ಕೊಡುವ ತಪಾಸಣೆಗಳಿವೆ. ಆ ತಪಾಸಣೆಗೆ ಹಳೆಯ ಪುಟವನ್ನು ಒಡ್ಡಿದೆ. ತಪ್ಪುಗಳ ಪಟ್ಟಿ ಓದಿ ಮುಗಿಸಲು ಎರಡು ಲೋಟ ಕಾಫಿ ಬೇಕಾಯಿತು.

ಆಫೀಸಿನಲ್ಲಿ ಮೀಟಿಂಗು ಕರೆದರು. ಶ್ರೀಕಂಠಯ್ಯನವರು, ಇಬ್ಬರು ಗುಮಾಸ್ತರು, ಮತ್ತು ಬಾಗಿಲ ಬಳಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಹಿಡಿದು ನಿಂತ ನೀರುಗಂಟಿ ರಂಗಣ್ಣ. ಹೊಸ ಬಡಾವಣೆಗಳಿಗೆಲ್ಲಾ ನೀರು ಬಿಡುವವರು ಅವರೊಬ್ಬರೇ.

"ಆ ಸಾಲು ಇರಲಿ ಬಿಡಮ್ಮಾ, ಜನಕ್ಕೆ ರೂಢಿಯಾಗಿದೆ" ಎಂದರು ಶ್ರೀಕಂಠಯ್ಯನವರು.

ಮಾನ್ಯರೇ ಎಂದು ಶುರು ಮಾಡಿದೆ. ರೂಢಿ ಎಂಬುದು ವಾದವಲ್ಲ. ಓಡುವ ಅಕ್ಷರ ಓದುವವರಿಗೆ ಹಿಂಸೆ. ಕಣ್ಣು ಮಂಜಾದವರೂ ಬಳಸುವಂತಿರಬೇಕು ಎನ್ನುವುದೇ ನಿಯಮಗಳ ಮೂಲ ಆಶಯ. ನಡುವೆ ರಂಗಣ್ಣ ಕೈ ಎತ್ತಿ ಬಾಯಿ ತೆರೆದರು. "ಪ್ರಶ್ನೆಗಳು ಕೊನೆಯಲ್ಲಿ" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಎತ್ತಿದರು. "ಕೊನೆಯಲ್ಲಿ, ರಂಗಣ್ಣ!" ಕೊನೆಯಲ್ಲಿ ಚಪ್ಪಾಳೆಯಾಯಿತು. ಪ್ರಶ್ನೆಗೆ ಸಮಯ ಉಳಿಯಲಿಲ್ಲ.

ಗುರುವಾರ ಸಂಜೆ ಹೊಸ ವೆಬ್‌ಸೈಟು ಹೊರಬಂತು. ಹಾಲಿನಂಥ ಬಿಳುಪು. ತೆಳ್ಳನೆಯ ಬೂದು ಅಕ್ಷರ. ದಿನದ ಸರದಿ 'ಪ್ರಕಟಣೆಗಳು' ಎಂಬ ಪುಟದೊಳಗೆ, ಅಚ್ಚುಕಟ್ಟಾದ ಕೋಷ್ಟಕದಲ್ಲಿ. ತಪಾಸಣೆಗೆ ಒಡ್ಡಿದೆ. ತಪ್ಪು: ಸೊನ್ನೆ!

ಮಾರನೆಯ ದಿನ ಶುಕ್ರವಾರ, ನಮ್ಮ ಬಡಾವಣೆಯ ಸರದಿ. ಶನಿವಾರ ಅಕ್ಕನ ಸೀಮಂತ. ಬೇಲೂರಿನಿಂದ ಬೀಗರು, ಒಟ್ಟು ಎಪ್ಪತ್ತು ಎಲೆಯ ಊಟ. ಶುಕ್ರವಾರ ಸಂಪು ತುಂಬಲೇಬೇಕು. ಅಮ್ಮ ವಾರದಿಂದ ಅದನ್ನೇ ಜಪಿಸುತ್ತಿದ್ದಳು.

ಹತ್ತು ಗಂಟೆಯಾಯಿತು. ನಲ್ಲಿಯಲ್ಲಿ ಗಾಳಿ ಬಂತು. ಹನ್ನೊಂದಕ್ಕೆ ಗಾಳಿಯೂ ನಿಂತಿತು.

"ನೀರು ಬರುತ್ತೇನೇ?"

"ಬರುತ್ತಮ್ಮಾ. ನೋಡಿಲ್ಲಿ, ಕೋಷ್ಟಕದಲ್ಲಿದೆ."

"ಕೋಷ್ಟಕದಲ್ಲಿರೋದನ್ನ ಬಿಂದಿಗೆಗೆ ಬಗ್ಗಿಸು, ನೋಡೋಣ."

ಶ್ರೀಕಂಠಯ್ಯನವರಿಗೆ ಫೋನು ಮಾಡಿದೆ. "ನಾನು ಬೆಳಿಗ್ಗೇನೇ ಹಾಕಿದ್ದೀನಲ್ಲಮ್ಮಾ, ನಿನ್ನ ಪ್ರಕಟಣೆ ಪುಟದಲ್ಲಿ! ರಂಗಣ್ಣನ ಫೋನು ಸಿಕ್ತಿಲ್ಲ" ಎಂದರು. ಸ್ಕೂಟರ್ ಹತ್ತಿ ರಂಗಣ್ಣನ ಮನೆಗೆ ಹೋದೆ. ಅವರ ಮಗಳು ರಾಗಿ ಕೇರುತ್ತಾ ಕೂತಿದ್ದಳು.

"ಅಪ್ಪ, ಅವ್ವ ಮಾಲೇಕಲ್ಲಿಗೆ ಹೋಗವ್ರೆ. ಇವತ್ತು ಯಾರಿಗೂ ನೀರು ಬಿಡಂಗಿಲ್ವಂತೆ, ರಜಾ ಅಂತೆ."

"ಯಾರು ಕೊಟ್ಟರು ರಜಾ?"

"ನಂಗೇನು ಗೊತ್ತು? ಕೀನೂ ಬ್ಯಾಗಲ್ಲೇ ಇಕ್ಕಂಡು ಹೋದ್ರು."

ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು ಭಕ್ತಿಯಿಂದ ಹತ್ತುವವರಿದ್ದಾರೆ, ಹರಕೆಗಾಗಿ ಹತ್ತುವವರಿದ್ದಾರೆ. ಸುಡುಬಿಸಿಲಲ್ಲಿ ವಾಲ್ವಿನ ಕೀಗಾಗಿ ಹತ್ತಿದ ನಾಸ್ತಿಕಳು ಬಹುಶಃ ನಾನೊಬ್ಬಳೇ! ಅರ್ಧ ದಾರಿಯಲ್ಲಿ ಒಬ್ಬ ಅಜ್ಜಿ ನನ್ನ ಮುಖ ನೋಡಿ, "ಗೋವಿಂದ ಅನ್ನವ್ವಾ, ಸಲೀಸಾಯ್ತದೆ" ಎಂದರು. ತಾತ್ವಿಕವಾಗಿ ಇದನ್ನು ಒಪ್ಪುವುದಿಲ್ಲವೆಂದು ಹೇಳಲು ಉಸಿರಿರಲಿಲ್ಲ. ಅಂದೆ.

ಮೇಲೆ ರಂಗಣ್ಣ ಕಂಬಕ್ಕೊರಗಿ ಪುಳಿಯೋಗರೆ ತಿನ್ನುತ್ತಿದ್ದರು. ಪಕ್ಕದಲ್ಲೇ ಬ್ಯಾಗು. ಬ್ಯಾಗಿನಿಂದ ಮೂತಿ ಹೊರಹಾಕಿದ್ದ ಕೀ.

"ರಂಗಣ್ಣ! ಇವತ್ತು ನಮ್ಮ ಸರದಿ!"

"ಏ, ಇಲ್ಲ ಕಣವ್ವಾ. ಬೆಳಿಗ್ಗೆ ನೋಡ್ದೆ, ಫೋನಲ್ಲಿ ಸಾಲೇ ಬರ್ಲಿಲ್ಲ. ಸಾಲು ಇಲ್ಲ ಅಂದ್ಮೇಲೆ ನೀರೂ ಇಲ್ಲ."

"ನೀವು... ಅದನ್ನ ನೋಡಿಕೊಂಡು ನೀರು ಬಿಡ್ತಿದ್ರಾ?"

"ಇನ್ನೇನು ನೋಡ್ಲಿ? ಮದ್ಲು ಸಾಹೇಬ್ರು ಫೋನ್ ಮಾಡೋರು. ಆಮೇಲೆ, ನಾನೇ ನೋಡ್ಕತೀನಿ ಬಿಡಿ ಅಂದೆ. ದಪ್ಪಗೆ, ಕೆಂಪಗೆ ಇತ್ತು. ಒಂದ್ಸಲ ಓದಕ್ಕಾಗ್ನಿಲ್ಲ ಅಂದ್ರೆ ಸುತ್ತು ಹಾಕಿ ಮತ್ತೆ ಬತ್ತಿತ್ತು. ನಾನು ಕನ್ನಡಕ ಹುಡುಕೋಗಂಟ ಕಾಯೋದು, ಪಾಪ."

ನಾನು ಫೋನು ತೆಗೆದು ಕೋಷ್ಟಕ ತೋರಿಸಿದೆ. ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ನೆರಳಿಗೆ ಹಿಡಿದರು.

"ಇದ್ರಾಗೆ ಏನಾದ್ರೂ ಬರ್ದೈತಾ?"

ಕಣ್ಣು ಮಂಜಾದವರ ಪರವಾಗಿ ನಾನು ಮಂಡಿಸಿದ ವಾದ ನೆನಪಾಯಿತು. ಕೂತುಕೊಂಡೆ. ಪುಳಿಯೋಗರೆ ಕೊಟ್ಟರು. ತಿಂದೆ.

ಇಳಿದು ಬರುವಷ್ಟರಲ್ಲಿ ಪಂಪ್‌ಹೌಸಿನ ಕರೆಂಟು ಹೋಗಿತ್ತು. ಶನಿವಾರ ಬೆಳಗಿನಿಂದ ನಾನು, ಗುರುವಾರವೇ ಸಂಪು ತುಂಬಿಸಿಕೊಂಡಿದ್ದ ಎರಡನೇ ಬಡಾವಣೆಯ ಮನೆಮನೆಗೂ ಹೋಗಿ, ಕ್ಯಾನು ತುಂಬಿಸಿ, ಸ್ಕೂಟರಿನಲ್ಲಿ ಹೊತ್ತು ತಂದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಅಕ್ಕ ಹಸಿರು ಸೀರೆಯುಟ್ಟು, ಬಳೆ ತೊಟ್ಟು ಕೂತಿದ್ದಳು; ನಾನು ತೊಯ್ದ ಚೂಡಿದಾರದಲ್ಲಿ ಅವಳ ಮುಂದೆಯೇ ಕ್ಯಾನು ಹೊತ್ತು ಹಾದುಹೋದೆ. ಊಟವಾದ ಮೇಲೆ ಬೀಗಿತ್ತಿ ಕೈ ಚಾಚಿ ನಿಂತು, "ಕೈ ತೊಳೆಯೋಕೆ?" ಎಂದರು.

ಅಮ್ಮ ನನ್ನತ್ತ ತಿರುಗಿ, ತುಂಬಾ ಶಾಂತವಾಗಿ ಹೇಳಿದಳು: "ನಿನ್ನ ಕೋಷ್ಟಕ ತಗೊಂಡು ಬಾರೇ."

ಕೊನೆಯ ಬೀಗರು ಬಸ್ಸು ಹತ್ತಿದ ಹತ್ತು ನಿಮಿಷಕ್ಕೆ ನಲ್ಲಿಯಲ್ಲಿ ನೀರು ಬಂತು. ಧಾರಾಳವಾಗಿ!

ಸೋಮವಾರ ನಾನೇ ಹೋಗಿ ಓಡುವ ಸಾಲನ್ನು ಮತ್ತೆ ಹಾಕಿದೆ. ದಪ್ಪಗೆ, ಕೆಂಪಗೆ. ಈಗ ತಪಾಸಣೆಗೆ ಒಡ್ಡಿದರೆ ತಪ್ಪು: ಒಂದು. ಬಡಾವಣೆಗೆಲ್ಲಾ ನೀರು ಬರುತ್ತಿರುವುದು ಆ ಒಂದು ತಪ್ಪಿನಿಂದ. ಶಿಲಾಬಾಲಿಕೆಯನ್ನೂ ವಾಪಸು ತರಬೇಕೆಂದು ಶ್ರೀಕಂಠಯ್ಯನವರು ಕೇಳಿದರು. ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಂದೆ.

ಹೀಗೆ ನನ್ನ ಮೇಲಿನ ಆರೋಪ ಸಾಬೀತಾಗಿಲ್ಲವೆಂದು ತೋರಿಸಲು ಹೊರಟು, ನಾನೇ ಅದಕ್ಕೆ ಬೇಕಾದ ಆಧಾರವನ್ನೆಲ್ಲಾ ಒದಗಿಸಿದಂತಾಯಿತು. ಇರಲಿ. ಉಳಿದಿರುವುದು ಒಂದೇ ಪ್ರಶ್ನೆ. ರಂಗಣ್ಣ, ಅವತ್ತು ಮೀಟಿಂಗಿನಲ್ಲಿ ಬಾಗಿಲ ಬಳಿ ನಿಂತು ಎರಡು ಸಲ ಕೈ ಎತ್ತಿದ್ದಿರಲ್ಲ, ನೀವು ಏನು ಹೇಳಬೇಕೆಂದಿದ್ದಿರಿ?