ಅಕ್ಕನ ಅಂಜಿಕೆಗೆ ಎಷ್ಟು ಅಂಕ?

ಕ್ಯಾನ್ಸರು ಯಾರಿಗಾದರೂ ಹೆದರಿದ್ದರೆ, ಅದು ಸುರಪುರದ ನಮ್ಮ ಅಕ್ಕನಿಗೆ ಮಾತ್ರ! ಹಾಗೆಂದು ನಾನು ಬಹಳ ದಿನ ನಂಬಿದ್ದೆ.

ಕಿಮೋ ಶುರುವಾಗಿ ತಲೆ ಬೋಳಾಯಿತು. ಆದರೂ ಪ್ರತಿ ಶನಿವಾರ ಆ ಬೋಳಿಗೆ ಕೊಬ್ಬರಿ ಎಣ್ಣೆ ತಿಕ್ಕುವುದು ನಿಲ್ಲಲಿಲ್ಲ. "ಕೂದಲಾನೇ ಇಲ್ಲ, ಎಣ್ಣಿ ಯಾಕಬೇ ಅಕ್ಕಾ?" ಎಂದೆ.

"ನಾಳಿ ಬಂದ್ರ ಕುಂದ್ರಾಕ ಜಾಗಾ ಹಸನ ಇರಬೇಕಲ್ಲೋ!"

ನೋಡಲು ಬಂದವರು ಅತ್ತರೆ? ಅವರ ಮುಂದೆ ಒಂದು ಮೊರ ತೊಗರಿಬೇಳೆ ಇಡುತ್ತಿದ್ದಳು. "ಅಳಬ್ಯಾಡ ಅನ್ನಂಗಿಲ್ಲ. ಅಳಕೋತ ಕಲ್ಲಾದ್ರೂ ಆರಿಸು!" ದೋರನಹಳ್ಳಿಯ ಅವಳ ನಾದಿನಿ ಒಂದೇ ಮಧ್ಯಾಹ್ನ ಮೂರು ಸೇರು ಆರಿಸಿದಳು. ಅಷ್ಟು ಪ್ರೀತಿ!

ಆದರೆ ನಾಲ್ಕನೆಯ ಕಿಮೋ ಅವಳನ್ನು ಹಾಸಿಗೆಗೆ ಕೆಡವಿತು. ಇನ್ನೂ ಎರಡು ಬಾಕಿ. ಐದನೆಯದಕ್ಕೆ ಯಾದಗಿರಿ ಬಸ್ಸು ಹತ್ತಿದವಳು ಶಹಾಪುರ ದಾಟುವಾಗ ಹೇಳಿದಳು: "ಸಾಕೋ ತಮ್ಮಾ. ಇವತ್ತ ಡಾಕ್ಟರಿಗಿ ಹೇಳಿ ಬಿಟ್ಟುಬಿಡ್ತೀನಿ."

ನಾನು ಬಿಡುವವನೇ?

ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದಳು. ಕ್ಯಾನ್ಸರ್ ಬಂದವರು ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳುತ್ತಾರೆ ಎಂದು ತಿಳಿಯಬೇಕಂತೆ. ಪ್ರತಿ ಪ್ರಶ್ನೆಗೆ ಐದರೊಳಗೆ ಅಂಕ. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿದವನಿಗೆ ಅಂಕ ಎಂದ ಮೇಲೆ ಸುಮ್ಮನಿರಲಾದೀತೆ? "ಎಲ್ಲಾದಕ್ಕೂ ಐದು ಅನ್ನು" ಎಂದು ಅಕ್ಕನ ಕಿವಿಯಲ್ಲಿ ಊದಿದೆ.

"ಅಂಜಿಕಿ ಎಷ್ಟು ಆಗ್ತದ್ರಿ ಅಮ್ಮಾ?"

"ಐದು!"

"ಜೀವನ ಬ್ಯಾಸರ ಅನಿಸ್ತದೇನ್ರಿ?"

"ಐದು!"

ಹುಡುಗಿ ಪೆನ್ನು ಕೆಳಗಿಟ್ಟಳು. "ಸರ್, ಇದು ಪರೀಕ್ಷಾ ಅಲ್ರಿ. ಅಂಕ ಹೆಚ್ಚಾದಷ್ಟು ಸಂಕಟ ಹೆಚ್ಚು ಅಂತ. ನೀವು ಹೋಗಿ ಆ ಬೆಂಚಿನ ಮ್ಯಾಲ ಕುಂದರ್ರಿ."

ನಕಲು ಮಾಡಿಸಿ ಸಿಕ್ಕಿಬಿದ್ದ ಹೆಡ್‌ಮಾಸ್ತರ ಜಿಲ್ಲೆಯಲ್ಲೇ ನಾನೊಬ್ಬನೇ ಇರಬೇಕು!

ಬೆಂಚಿಗೂ ಮಾತು ಕೇಳಿಸುತ್ತಿತ್ತು. ಹುಡುಗಿ ಮೊದಲಿನಿಂದ ಶುರುಮಾಡಿದಳು. ಅಂಜಿಕೆಯ ಪ್ರಶ್ನೆ ಮತ್ತೆ ಬಂತು.

"ಐದೇ ಇರಲಿ ಯವ್ವಾ. ಅದು ಖರೇನ."

"ಯಾರ ಮುಂದ ಹೇಳಿಕೊಳ್ತೀರಿ?"

"ಯಾರ ಮುಂದೂ ಇಲ್ಲ. ಅಲ್ಲಿ ಕುಂತಾನ ನೋಡು ನಮ್ಮ ತಮ್ಮ, ಅಂವಗ ಹೇಳಿದ್ರ ಒಡೆದು ಹೋಗ್ತಾನ."

ಎದ್ದು ಹೋಗಿ ಅವಳ ಮುಂದೆ ನಿಂತೆ.

"ಅಕ್ಕಾ, ನಂದೂ ಐದೇ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದಳು.

"ಹಂಗಾರ ನಡಿ ಒಳಗ, ಸೂಜಿ ಚುಚ್ಚಿಸಿಕೊಂಡೇ ಹೋಗೋಣ. ನೀ ಬಾಜೂಕ ಕುಂದ್ರು."